ಲಾ ಅಲ್ಬೆರ್ಕಾದಲ್ಲಿ ಎರಡು ರಾತ್ರಿ: ಸ್ಪೇನಿಗೆ ಹೊರಟ ಕೊಡಗಿನವರಿಗೆ

ಬೆಳಿಗ್ಗೆ ಮಡಿಕೇರಿಗೆ ಬಂದು, ರಾಜಾಸೀಟಿನಲ್ಲಿ ಫೋಟೊ ತೆಗೆಸಿಕೊಂಡು, ಅಬ್ಬಿ ಜಲಪಾತ ನೋಡಿ, ಕತ್ತಲಾಗುವ ಮೊದಲೇ ಘಟ್ಟವಿಳಿದು ಹೋಗುವವರಿಗೆ ಕೊಡಗು ಎಷ್ಟು ಕಂಡೀತೆಂಬುದು ನಮಗೆಲ್ಲ ಗೊತ್ತಿದೆ. ಕುಲದ ಮೂಲಮನೆಯಾದ ಐನ್‌ಮನೆಯ ನಡುಕೋಣೆ, ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಹಚ್ಚುವ ಹೊತ್ತಿಗೆ ಅವರು ಇಲ್ಲಿರುವುದೇ ಇಲ್ಲ. ಸ್ಪೇನಿಗೆ ಪ್ರವಾಸ ಹೊರಡುವ ನಮ್ಮವರು ಅಲ್ಲಿಯ ಹಳ್ಳಿಗಳ ವಿಷಯದಲ್ಲಿ ಇದೇ ತಪ್ಪನ್ನು ಮಾಡಬಾರದೆಂಬ ಕಾಳಜಿಯಿಂದ, ನಾನು ತಂಗಿದ್ದ ಒಂದೇ ಒಂದು ಹಳ್ಳಿಯನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಆ ಹಳ್ಳಿಯ ಹೆಸರು ಲಾ ಅಲ್ಬೆರ್ಕಾ. ಸಾಲಮಾಂಕಾ ನಗರದಿಂದ ಸುಮಾರು 75 ಕಿಲೋಮೀಟರ್ ದಕ್ಷಿಣಕ್ಕೆ, ಸಿಯೆರ್ರಾ ದೆ ಫ್ರಾನ್ಸಿಯಾ ಎಂಬ ಬೆಟ್ಟಸಾಲಿನಲ್ಲಿ, ಸುಮಾರು 1,050 ಮೀಟರ್ ಎತ್ತರದಲ್ಲಿರುವ ಈ ಊರಿನ ಜನಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ. ಎತ್ತರದಲ್ಲಿ ಮಡಿಕೇರಿಗಿಂತ ತುಸು ಕಡಿಮೆ. 1940ರಲ್ಲಿ ಸ್ಪೇನ್ ಸರ್ಕಾರವು ಇಡೀ ಊರನ್ನೇ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಆ ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ಹಳ್ಳಿ ಇದು.

ವೀಸಾದ ಕೆಲಸವನ್ನು ಮೊದಲು ಮುಗಿಸಿಕೊಳ್ಳಿ. ಸ್ಪೇನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹೊರಡಲು 15 ದಿನ ಉಳಿದಿರುವಾಗಲಾದರೂ ಹಾಕಿರಲೇಬೇಕು, ಮತ್ತು ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಇರಲೇಬೇಕು. ಮ್ಯಾಡ್ರಿಡ್‌ನಿಂದ ಸಾಲಮಾಂಕಾಕ್ಕೆ ರೈಲೂ ಇದೆ, ಬಸ್ಸೂ ಇದೆ. ಅಲ್ಲಿಂದ ಮುಂದಕ್ಕೆ ಬಸ್ಸುಗಳು ಬಹಳ ಕಡಿಮೆ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಇನ್ನೂ ಕಡಿಮೆ. ಆದ್ದರಿಂದ ಹಳ್ಳಿಗೆ ಹೋಗುವ ಬಸ್ಸಿನ ವೇಳೆಯನ್ನು ಮೊದಲು ತಿಳಿದುಕೊಂಡು, ಅದಕ್ಕೆ ಹೊಂದುವಂತೆ ರೈಲಿನ ಟಿಕೆಟ್ ತೆಗೆಸಿ. ತಂಗಲು ‘ಕಾಸಾ ರುರಾಲ್’ ಎಂದು ಕೇಳಿ. ಅದು ನಮ್ಮ ಹೋಮ್‌ಸ್ಟೇಯಂಥದೇ. ಊರೊಳಗಿನ ಮನೆಯನ್ನೇ ಆರಿಸಿಕೊಳ್ಳಿ, ಹೊರವಲಯದ ಹೋಟೆಲು ಬೇಡ.

ಊರಿಗೆ ಕಾಲಿಟ್ಟ ಮೇಲೆ ಅಲ್ಲಿಯ ಗಡಿಯಾರಕ್ಕೆ ಒಗ್ಗಿಕೊಳ್ಳಬೇಕು. ಮಧ್ಯಾಹ್ನದ ಊಟ ಎರಡು ಗಂಟೆಗೆ ಮೊದಲು ಸಿಗುವುದು ಕಷ್ಟ, ರಾತ್ರಿಯ ಊಟ ಒಂಬತ್ತಕ್ಕೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅದನ್ನು ಸೋಮಾರಿತನವೆಂದು ತಿಳಿಯದೆ ನೀವೂ ಮಲಗಿಬಿಡಿ, ಏಕೆಂದರೆ ಊರು ನಿಜವಾಗಿ ಎಚ್ಚರಗೊಳ್ಳುವುದು ಬಿಸಿಲು ಇಳಿದ ಮೇಲೆಯೇ. ಅಂಗಡಿಗಾಗಲಿ ಬಾರಿಗಾಗಲಿ ಹೋದಾಗ ಬಾಗಿಲಲ್ಲೇ ‘ಬ್ವೆನೋಸ್ ದಿಯಾಸ್’ ಎನ್ನಬೇಕು, ಊಟದ ಹೊತ್ತು ಕಳೆದ ಮೇಲೆ ‘ಬ್ವೆನಾಸ್ ತಾರ್ದೆಸ್’. ಮಾತಾಡಿಸದೆ ನೇರವಾಗಿ ಸಾಮಾನು ಕೇಳುವುದು ನಮ್ಮ ಹಳ್ಳಿಗಳಲ್ಲಿ ಹೇಗೆ ಒರಟೆನಿಸುತ್ತದೆಯೋ ಅಲ್ಲಿಯೂ ಹಾಗೆಯೇ. ಅಲ್ಲಿ ಬಾರ್ ಎಂದರೆ ಕುಡುಕರ ಜಾಗವಲ್ಲ. ಅಜ್ಜಿಯರೂ ಮಕ್ಕಳೂ ಬಂದು ಕೂರುವ, ಬೆಳಗಿನ ಕಾಫಿ ಸಿಗುವ ತಾಣ.

ಕಾಫಿ ಬೆಳೆಯುವ ನಮಗೆ ಇಲ್ಲಿ ಒಂದು ವಿಷಯ ತಿಳಿದಿರಬೇಕು. ಸ್ಪೇನಿನಲ್ಲಿ ‘ತೊರ್ರೆಫಾಕ್ತೊ’ ಎಂಬ ಹಳೆಯ ಪದ್ಧತಿಯಿದೆ. ಬೀಜ ಹುರಿಯುವ ಕೊನೆಯ ಹಂತದಲ್ಲಿ ಸಕ್ಕರೆ ಸೇರಿಸುತ್ತಾರೆ. ಅದು ಸುಟ್ಟು ಕರಗಿ, ಬೀಜದ ಮೇಲೆ ಕಪ್ಪಗೆ ಹೊಳೆಯುವ ಲೇಪವಾಗುತ್ತದೆ. ಮಾಮೂಲಿ ಬೀಜದೊಡನೆ ಇದನ್ನು ಬೆರೆಸಿದ ಪುಡಿ ಹಲವು ಕಡೆ ಬಳಕೆಯಲ್ಲಿದೆ. ಚಿಕೋರಿಯ ಕಹಿ ನಾಲಿಗೆಗೆ ಅಭ್ಯಾಸವಾದವರಿಗೆ ಇದು ಹಿಡಿಸಬಹುದು. ಹಿಡಿಸದಿದ್ದರೆ ಸಕ್ಕರೆಯಿಲ್ಲದೆ ಹುರಿದ ‘ನಾತುರಾಲ್’ ಇದೆಯೇ ಎಂದು ಕೇಳಿ.

ಮನೆಗಳನ್ನು ಆತುರಪಡದೆ ನೋಡಬೇಕು. ಕೆಳಗೆ ಕಲ್ಲಿನ ಗೋಡೆ, ಅದರ ಮೇಲೆ ಮರದ ಚೌಕಟ್ಟುಗಳ ನಡುವೆ ಮಣ್ಣು, ಕಲ್ಲು ತುಂಬಿ ಕಟ್ಟಿದ ಮಹಡಿಗಳು. ಮೇಲೆ ಹೋದಂತೆ ಬೀದಿಯ ಕಡೆಗೆ ಚಾಚಿಕೊಳ್ಳುವುದರಿಂದ ಎದುರುಬದುರು ಮನೆಗಳ ಸೂರುಗಳು ಮುಟ್ಟಿಕೊಳ್ಳುವಷ್ಟು ಹತ್ತಿರ ಬರುತ್ತವೆ. ಹಿಂದೆ ನೆಲಮಟ್ಟದಲ್ಲಿ ದನಕರು, ಮೇಲೆ ಮನುಷ್ಯರು. ಅಡುಗೆಮನೆಯ ಹೊಗೆ ಅಟ್ಟಕ್ಕೇರಿ ಚೆಸ್ಟ್‌ನಟ್ ಕಾಯಿಗಳನ್ನೂ ಹಂದಿಯ ಮಾಂಸವನ್ನೂ ಒಣಗಿಸುತ್ತಿತ್ತು. ಒಲೆಯ ಮೇಲೆ ಮಾಂಸ ಕಟ್ಟಿ ಮಳೆಗಾಲಕ್ಕೆ ಒಣಗಿಸಿಡುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಗಿಲವಾಡದ ಮೇಲಿನ ಕಲ್ಲನ್ನು ತಲೆಯೆತ್ತಿ ನೋಡಿ: ಶಿಲುಬೆ, ಕಟ್ಟಿದ ವರ್ಷ, ಮೇರಿಮಾತೆಯ ಸ್ತುತಿ ಕೊರೆದಿರುತ್ತವೆ. ಫೋಟೊ ತೆಗೆಯಿರಿ, ಆದರೆ ಹೊಸ್ತಿಲ ಮೇಲೆ ಕೂರಬೇಡಿ. ಅವು ಜನ ವಾಸಿಸುತ್ತಿರುವ ಮನೆಗಳು.

ಜೂನ್ 13ರಿಂದ ಜನವರಿ 17ರೊಳಗೆ ಹೋದರೆ ಬೀದಿಯಲ್ಲಿ ಒಂದು ಹಂದಿ ಎದುರಾಗಬಹುದು. ಇದು ‘ಸಾನ್ ಆಂತೋನ್ ಹಂದಿ’. ಸಂತ ಆಂತೋನಿಯೊ ಹಬ್ಬದ ದಿನವಾದ ಜೂನ್ 13ರಂದು ಪಾದ್ರಿ ಹರಸಿದ ಮೇಲೆ, ಕೊರಳಿಗೆ ಗಂಟೆ ಕಟ್ಟಿ ಅದನ್ನು ಊರೊಳಗೆ ಬಿಡುತ್ತಾರೆ. ಅದಕ್ಕೆ ಒಬ್ಬ ಒಡೆಯನಿಲ್ಲ, ಇಡೀ ಊರೇ ಅದಕ್ಕೆ ಮೇವು ಹಾಕುತ್ತದೆ, ಕತ್ತಲಾದಾಗ ಅದು ಯಾರ ಬಾಗಿಲಲ್ಲಿದ್ದರೆ ಅವರೇ ಆಸರೆ ಕೊಡುತ್ತಾರೆ. ಹಿಂದೆ ಅದನ್ನು ಊರಿನ ಅತ್ಯಂತ ಬಡ ಕುಟುಂಬಕ್ಕೆ ಕೊಡುತ್ತಿದ್ದರು. ಈಗ ಜನವರಿ 17ರಂದು ಚೀಟಿ ಎತ್ತಿ, ಬಂದ ಹಣವನ್ನು ಧರ್ಮಕಾರ್ಯಕ್ಕೆ ಬಳಸುತ್ತಾರೆ. ಚರ್ಚಿನ ಬಳಿ ಅದರ ಕಲ್ಲಿನ ಪ್ರತಿಮೆಯೂ ಇದೆ. ಕೈಲ್‌ಪೋಳ್ದ್‌ಗೆ ಪಂದಿಕರಿಯಿಲ್ಲದೆ ಹಬ್ಬವೇ ಇಲ್ಲವೆನ್ನುವ ನಾಡಿನಿಂದ ಹೋದ ನಾನು ಆ ಹಂದಿಯನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ. ನೀವೂ ನೋಡಿ, ದಾರಿ ಬಿಡಿ. ಪೊಟ್ಟಣದ ತಿಂಡಿ ಮಾತ್ರ ಹಾಕಬೇಡಿ.

ಇನ್ನು, ಎರಡು ರಾತ್ರಿ ಉಳಿಯಿರೆಂದು ನಾನು ಒತ್ತಾಯಿಸುವುದಕ್ಕೆ ಮುಖ್ಯ ಕಾರಣ. ಪ್ರತಿದಿನ ಮುಸ್ಸಂಜೆಯಲ್ಲಿ, ಮಳೆಯಿರಲಿ ಹಿಮವಿರಲಿ, ಊರಿನ ಒಬ್ಬ ಹೆಂಗಸು ಸಣ್ಣ ಗಂಟೆಯೊಂದನ್ನು ಹಿಡಿದು ಬೀದಿಗಳಲ್ಲಿ ಸಾಗುತ್ತಾಳೆ. ಆಕೆಯನ್ನು ‘ಮೋಸಾ ದೆ ಆನಿಮಾಸ್’, ಅಂದರೆ ಆತ್ಮಗಳ ಸೇವಕಿ, ಎನ್ನುತ್ತಾರೆ. ತಿರುವುಗಳಲ್ಲಿ ನಿಂತು, ಗಂಟೆ ಬಾರಿಸಿ, ಶುದ್ಧಿಲೋಕದಲ್ಲಿರುವ ಸತ್ತವರ ಆತ್ಮಗಳಿಗಾಗಿ ಪ್ರಾರ್ಥಿಸಿರೆಂದು ಗಟ್ಟಿಯಾಗಿ ಕೂಗಿ ಮುಂದೆ ನಡೆಯುತ್ತಾಳೆ. ನಾನು ಕಂಡ ಸಂಜೆ ಚೌಕದಲ್ಲಿ ಪ್ರವಾಸಿಗರು ಯಾರೂ ಉಳಿದಿರಲಿಲ್ಲ. ಕಲ್ಲುಹಾಸಿನ ಮೇಲೆ ಹೆಜ್ಜೆಯ ಸದ್ದು ಮೊದಲು ಕೇಳಿಸಿತು, ಆಮೇಲೆ ಗಂಟೆ. ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಮುದುಕಿಯೊಬ್ಬರು ಕೈಯಲ್ಲಿದ್ದುದನ್ನು ಹಾಗೆಯೇ ಹಿಡಿದು, ಆ ಧ್ವನಿ ತಿರುವು ದಾಟುವವರೆಗೆ ತುಟಿಯಾಡಿಸುತ್ತಿದ್ದರು. ವರ್ಷಕ್ಕೊಮ್ಮೆ ಕುಲದ ಗತಿಸಿದ ಹಿರಿಯರಾದ ಕಾರಣರಿಗೆ ಎಡೆಯಿಟ್ಟು ನೆನೆಯುವ ಮನೆಯಲ್ಲಿ ಬೆಳೆದ ನನಗೆ, ದಿನವೂ ನೆನೆಯುವ ಊರೊಂದಿದೆ ಎಂಬುದು ಆಗ ಮನಸ್ಸಿಗೆ ತಟ್ಟಿತು. ಸೂರ್ಯ ಮುಳುಗುವ ಹೊತ್ತನ್ನು ಮನೆಯೊಡತಿಯಲ್ಲಿ ವಿಚಾರಿಸಿ, ಚೌಕದ ಹತ್ತಿರದ ಓಣಿಯಲ್ಲಿ ಗೋಡೆಗೆ ಒರಗಿ ಕಾಯಿರಿ. ಆಕೆಯ ಮುಂದೆ ಹೋಗಿ ನಿಲ್ಲಬೇಡಿ, ಫ್ಲ್ಯಾಶ್ ಹಾಕಬೇಡಿ, ಹಿಂದೆ ಹೋಗುವುದಾದರೆ ದೂರದಿಂದ ಹೋಗಿ.

ಹಬ್ಬವನ್ನೇ ನೋಡಬೇಕೆಂದರೆ ಆಗಸ್ಟ್ 15ಕ್ಕೆ ಹೋಗಬೇಕು. ಅಂದು ಮೇರಿಮಾತೆಯ ಮೂರ್ತಿಯೆದುರು ಕಾಣಿಕೆ ಒಪ್ಪಿಸುವ ‘ಓಫೆರ್ತೋರಿಯೊ’, ಮರುದಿನ ‘ಲೋವಾ’ ಎಂಬ ಧಾರ್ಮಿಕ ನಾಟಕ. ಏಳು ಹೆಡೆಯ ಸರ್ಪದ ಮೇಲೆ ಬರುವ ಸೈತಾನನು ಕಡೆಗೆ ಸೋಲುತ್ತಾನೆ. ಹೆಂಗಸರ ಹಬ್ಬದ ಉಡುಪಿನಲ್ಲಿ ಬೆಳ್ಳಿ ಮತ್ತು ಹವಳದ ಸರಗಳು ಎದೆಯಿಂದ ಮೊಣಕಾಲಿನವರೆಗೆ ಇಳಿಬಿದ್ದಿರುತ್ತವೆ. ಆ ದಿನಗಳಿಗೆ ಕೋಣೆಯನ್ನು ಬಹಳ ಮುಂಚೆ ಕಾದಿರಿಸಬೇಕು. ಜನಸಂದಣಿ ಬೇಡವಾದವರಿಗೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಹೆಚ್ಚು ಹಿತ: ಚೆಸ್ಟ್‌ನಟ್ ಕಾಡು ಹಳದಿಯಾಗಿರುತ್ತದೆ, ಹೊಸ ಕಾಯಿಗಳನ್ನು ಹುರಿದು ತಿನ್ನುವ ಕಾಲವೂ ಅದೇ. ದಪ್ಪ ಸ್ವೆಟರ್ ಇರಲಿ.

ಊಟಕ್ಕೆ ‘ಪತಾತಾಸ್ ಮೆನೆಯಾಸ್’ ಕೇಳಿ. ಬೇಯಿಸಿದ ಆಲೂಗೆಡ್ಡೆಯನ್ನು ಬೆಳ್ಳುಳ್ಳಿ, ಕೆಂಪುಮೆಣಸಿನ ಪುಡಿಯೊಡನೆ ಕಿವುಚಿ, ಮೇಲೆ ಗರಿಗರಿಯಾಗಿ ಕರಿದ ಹಂದಿಯ ಚರ್ಮವಿಟ್ಟು ಕೊಡುತ್ತಾರೆ. ‘ಲಿಮೋನ್ ಸೆರ್ರಾನೊ’ ಎಂಬುದು ನಿಂಬೆ, ಕಿತ್ತಳೆಯ ಹೋಳುಗಳಿಗೆ ಮೊಟ್ಟೆಯನ್ನೂ ಹಂದಿಯ ಸಾಸೇಜನ್ನೂ ಬೆರೆಸಿದ ತಿನಿಸು. ಹಂದಿಗೆ ಕಾಚಂಪುಳಿ ಹಾಕುವವರಿಗೆ ಆ ಹುಳಿ ಕೂಡಲೇ ಒಗ್ಗುತ್ತದೆ. ಸಸ್ಯಾಹಾರಿಗಳು ಮಾಂಸ ಬೇಡವೆಂದಷ್ಟೇ ಹೇಳಿದರೆ ಸಾಲದು, ಹ್ಯಾಮ್ ಕೂಡ ಬೇಡವೆಂದು ಬಿಡಿಸಿ ಹೇಳಬೇಕು.

ಎರಡನೆಯ ದಿನ ಸುಮಾರು ಒಂಬತ್ತು ಕಿಲೋಮೀಟರ್ ದೂರದ ಮೊಗರ್ರಾಸ್‌ಗೆ ಹೋಗಿಬನ್ನಿ. ಜನ ಊರು ಬಿಟ್ಟು ನಗರ ಸೇರುತ್ತಿದ್ದ ಕಾಲದಲ್ಲಿ, 1967ರಲ್ಲಿ, ಗುರುತಿನ ಚೀಟಿಗಾಗಿ ಅಲ್ಲಿಯ ನಿವಾಸಿಗಳ ಫೋಟೊ ತೆಗೆಯಲಾಗಿತ್ತು. ಅದೇ ಊರಿನ ಕಲಾವಿದ ಫ್ಲೊರೆನ್ಸಿಯೊ ಮೈಯೊ ಆ ಫೋಟೊಗಳನ್ನು ನೋಡಿ ಲೋಹದ ಹಲಗೆಗಳ ಮೇಲೆ ಬರೆದ ದೊಡ್ಡ ಮುಖಚಿತ್ರಗಳು 2012ರಿಂದ ಅವರವರು ಬಾಳಿದ ಮನೆಗಳ ಗೋಡೆಯ ಮೇಲಿವೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಬೀಗ ಬಿದ್ದ ಮನೆಗಳನ್ನು ನಾವೂ ಕಂಡಿದ್ದೇವೆ. ಹಾಗಾಗಿ ಆ ಬೀದಿಗಳಲ್ಲಿ ನಿಧಾನವಾಗಿ ನಡೆಯುವಷ್ಟು ಸಮಯ ಇಟ್ಟುಕೊಳ್ಳಿ. ಹಿಂದಿರುಗಲು ಬಸ್ಸನ್ನು ನಂಬದೆ ಟ್ಯಾಕ್ಸಿಯನ್ನು ಮೊದಲೇ ಹೇಳಿಟ್ಟು, ಕತ್ತಲಾಗುವ ಮುನ್ನ, ಆತ್ಮಗಳ ಸೇವಕಿಯ ಗಂಟೆಯ ಹೊತ್ತಿಗೆ, ಲಾ ಅಲ್ಬೆರ್ಕಾದ ಚೌಕವನ್ನು ತಲುಪಿಕೊಳ್ಳಿ.