ನಿಂತುಹೋದ ಹಾಕಿ ತಂಡದ ಚರಿತ್ರೆಯನ್ನು ಬರೆಯುವ ಬಗೆ

ಕೊಡಗಿನ ಕೌಟುಂಬಿಕ ಹಾಕಿಯಲ್ಲಿ ತಂಡದ ಹೆಸರೆಂದರೆ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು. ಆಟಗಾರರು ಬೆಂಗಳೂರಿನಲ್ಲಿ ನೆಲೆಸಿರಲಿ, ದುಬೈಯಲ್ಲಿರಲಿ, ಬೇಸಿಗೆಯ ಹಾಕಿ ಹಬ್ಬಕ್ಕೆ ಬಂದು ಆ ಹೆಸರಿನಲ್ಲಿಯೇ ಮೈದಾನಕ್ಕಿಳಿಯುತ್ತಾರೆ. ಅದನ್ನು ಮಾರುವ ಮಾತೇ ಇಲ್ಲಿಲ್ಲ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಾದರೋ ತಂಡವು ಮಾಲೀಕರ ಸ್ವತ್ತು. ಹಾಗಾಗಿ ಅಲ್ಲಿಯ ಹಳೆಯ ತಂಡವೊಂದರ ಕಥೆಯನ್ನು ಬರೆಯಹೊರಟವರು ನಿಂತುಹೋದದ್ದು ಹೆಸರೋ, ಊರಿನ ನಂಟೋ, ಸಂಸ್ಥೆಯೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫೋರ್ಡ್ ನಗರದಲ್ಲಿದ್ದ ಹಾರ್ಟ್‌ಫೋರ್ಡ್ ವೇಲರ್ಸ್ ತಂಡವನ್ನೇ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ವರ್ಷ, ಹೆಸರು, ಊರು ಎಂದು ಮೂರು ಸಾಲು ಎಳೆದು ತುಂಬುತ್ತಾ ಹೋಗಿ. 1972ರಲ್ಲಿ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ವೇಲರ್ಸ್ ಎಂಬ ಹೆಸರಿನಿಂದ ಆಟ ಆರಂಭಿಸಿದ ಈ ತಂಡ, ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಲೀಗಿನ ಮೊದಲ ಋತುವಿನಲ್ಲಿಯೇ ಪ್ರಶಸ್ತಿ ಗೆದ್ದಿತು. 1975ರ ಜನವರಿಯಲ್ಲಿ ಹಾರ್ಟ್‌ಫೋರ್ಡಿಗೆ ಬಂತು. 1978ರ ಜನವರಿ 18ರಂದು ಹಿಮದ ಭಾರಕ್ಕೆ ಕ್ರೀಡಾಂಗಣದ ಚಾವಣಿ ಕುಸಿದುದರಿಂದ ಸುಮಾರು ಎರಡು ವರ್ಷ ನೆರೆಯ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಆಡಬೇಕಾಯಿತು. 1979ರಲ್ಲಿ ಅಲ್ಲಿಯ ಪ್ರಮುಖ ಲೀಗಾದ ನ್ಯಾಷನಲ್ ಹಾಕಿ ಲೀಗ್ ಸೇರುವಾಗ ಹಾರ್ಟ್‌ಫೋರ್ಡ್ ಎಂಬ ಹೆಸರು ಬಂತು. 1997ರಲ್ಲಿ ತಂಡ ನಾರ್ತ್ ಕೆರೊಲಿನಾಕ್ಕೆ ಹೋಗಿ ಕೆರೊಲಿನಾ ಹರಿಕೇನ್ಸ್ ಆಯಿತು. ಹಾಳೆ ತುಂಬಿದಾಗ ಸಂಸ್ಥೆ ಬದುಕಿಯೇ ಇದೆ, ಅಳಿದದ್ದು ಹೆಸರು ಮತ್ತು ಊರಿನ ನಂಟು ಎಂಬುದು ಕಾಣುತ್ತದೆ. 2006ರಲ್ಲಿ ಹರಿಕೇನ್ಸ್ ಗೆದ್ದ, ಆ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಹಾರ್ಟ್‌ಫೋರ್ಡಿನ ಖಾತೆಗೆ ಬರೆಯದಿರಲು ಈ ಹಾಳೆಯೇ ಕಾವಲು.

ಎಲ್ಲ ತಂಡಗಳ ಕಥೆಯೂ ಹೀಗಲ್ಲ. 1918ರ ಜನವರಿ 2ರಂದು ಕ್ರೀಡಾಂಗಣ ಸುಟ್ಟುಹೋದ ಮೇಲೆ ಕೆನಡಾದ ಮಾಂಟ್ರಿಯಲ್ ವಾಂಡರರ್ಸ್ ತಂಡ ಕೆಲವೇ ದಿನಗಳಲ್ಲಿ ಹೆಸರು, ಸಂಸ್ಥೆ ಎರಡರೊಂದಿಗೂ ಮುಗಿದುಹೋಯಿತು.

ಅನಂತರ ಆಟಗಾರರತ್ತ ಬನ್ನಿ. ಇಲ್ಲಿ ಆತುರ ಬೇಡ, ಏಕೆಂದರೆ ನಮ್ಮ ಓದುಗರಿಗೆ ಮನೆಯ ಮಾತಿನಂತೆ ತಟ್ಟುವ ಭಾಗ ಇದೇ. ಗೋರ್ಡಿ ಹೋ ಎಂಬ ಮಹಾನ್ ಆಟಗಾರ ತನ್ನ ಮಕ್ಕಳಾದ ಮಾರ್ಕ್ ಮತ್ತು ಮಾರ್ಟಿಯರ ಜೊತೆಗೆ ವೇಲರ್ಸ್ ತಂಡದಲ್ಲಿ ಆಡಿದರು. 52 ವರ್ಷ ತುಂಬಿದ 1979-80ರ ಋತುವಿನಲ್ಲಿ 80 ಪಂದ್ಯಗಳನ್ನೂ ಆಡಿ 15 ಗೋಲು ಹೊಡೆದರು. ತಂದೆ ಮಕ್ಕಳು ಒಂದೇ ಜರ್ಸಿ ತೊಡುವುದನ್ನು ವರ್ಷವೂ ಕಾಣುವ ಕೊಡಗಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಐಸ್ ಹಾಕಿಯಲ್ಲಿ ಒಂದು ತಂಡದಿಂದ ಆಡುವವರು ಗೋಲ್‌ಕೀಪರ್ ಸೇರಿ ಆರು ಮಂದಿ, ಆಟ ಇಪ್ಪತ್ತು ನಿಮಿಷಗಳ ಮೂರು ಅವಧಿಗಳದ್ದು, ಚೆಂಡಿನ ಬದಲು ಪಕ್ ಎಂಬ ಚಪ್ಪಟೆ ರಬ್ಬರಿನ ಬಿಲ್ಲೆ ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಲೇಬೇಕು.

ತಂಡ ಊರು ಬಿಟ್ಟ ಕಾರಣವನ್ನು ಬರೆಯುವಾಗ ಸೋಲಿನ ಮೇಲೆಯೇ ಹೊರೆ ಹಾಕಬೇಡಿ. ನ್ಯಾಷನಲ್ ಹಾಕಿ ಲೀಗಿನಲ್ಲಿ ವೇಲರ್ಸ್ ಗೆದ್ದ ಪ್ಲೇಆಫ್ ಸರಣಿ 1986ರದ್ದು ಒಂದೇ ಎಂಬುದು ನಿಜ. ಆದರೆ ಬಾಸ್ಟನ್ ಮತ್ತು ನ್ಯೂಯಾರ್ಕ್‌ಗಳ ನಡುವೆ ಸಿಕ್ಕಿಕೊಂಡ ಚಿಕ್ಕ ನಗರದ ಮಾರುಕಟ್ಟೆ, 1994ರಲ್ಲಿ ಮಾಲೀಕತ್ವ ಬದಲಾದದ್ದು, ಹೊಸ ಕ್ರೀಡಾಂಗಣಕ್ಕಾಗಿ ಕನೆಕ್ಟಿಕಟ್ ರಾಜ್ಯ ಸರ್ಕಾರದೊಡನೆ ನಡೆದ ಮಾತುಕತೆ ಮುರಿದದ್ದು, ಇವು ಹೆಚ್ಚು ತೂಕದ ಸಂಗತಿಗಳೆಂದು ನನ್ನ ಅಭಿಪ್ರಾಯ.

ಕೊನೆಯ ಪಂದ್ಯಕ್ಕೆ ಪ್ರತ್ಯೇಕ ಪ್ಯಾರಾ ಕೊಡಿ. 1997ರ ಏಪ್ರಿಲ್ 13ರಂದು ವೇಲರ್ಸ್ ಟ್ಯಾಂಪಾ ಬೇ ತಂಡವನ್ನು 2-1ರಿಂದ ಸೋಲಿಸಿತು. ಕೊನೆಯ ಗೋಲು ನಾಯಕ ಕೆವಿನ್ ಡಿನೀನ್ ಅವರದ್ದು. ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡ ಗ್ರಾಮದಲ್ಲಿ 60 ಒಕ್ಕಗಳನ್ನು ಕೂಡಿಸಿ ಕೌಟುಂಬಿಕ ಹಾಕಿಯನ್ನು ಆರಂಭಿಸಿದ್ದೂ ಅದೇ 1997ರಲ್ಲಿ. ಕೊಡಗಿನ ಓದುಗರಿಗಾಗಿ ಬರೆಯುವವರು ಆ ವರ್ಷದ ಎದುರು ಈ ಎರಡನ್ನೂ ಗುರುತಿಸಿಕೊಳ್ಳಲಿ.