ಕರಡಿಯ ದಾರಿಯಲ್ಲಿ ನಮ್ಮ ಮನೆ

ದರೋಜಿ ಕರಡಿಧಾಮದ ಅಂಚಿನ ಬಂಡೆಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡ ನಾವು ಮೊದಲ ಮೂರು ವರ್ಷಗಳನ್ನು ಕರಡಿ ಓಡಿಸುವುದರಲ್ಲೇ ಕಳೆದೆವು. ಡಬ್ಬಿ ಬಡಿದೆವು, ಪಟಾಕಿ ಸಿಡಿಸಿದೆವು, ಬೇಲಿಗೆ ಮುಳ್ಳುಕಂಟಿ ಒಟ್ಟಿದೆವು. ಅದು ನಾಲ್ಕು ರಾತ್ರಿ ಬಿಟ್ಟು ಮತ್ತೆ ಹಿತ್ತಲಿಗೆ ಬರುತ್ತಿತ್ತು.

1994ರಲ್ಲಿ ಘೋಷಿತವಾದ ಆ ಧಾಮದಲ್ಲಿ, ಪ್ರವಾಸಿಗರಿಗೆ ಕರಡಿ ಕಾಣಿಸಲೆಂದು ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿದ್ದನ್ನು ವೀಕ್ಷಣಾ ಗೋಪುರದಿಂದ ನೋಡಿದ ಸಂಜೆ ನಮ್ಮ ತಪ್ಪು ನನಗೆ ಹೊಳೆಯಿತು. ಹಿತ್ತಲಲ್ಲಿ ಚೆಲ್ಲುತ್ತಿದ್ದ ಮುಸುರೆ, ಮರದಡಿ ಕೊಳೆಯುತ್ತಿದ್ದ ಸೀತಾಫಲ, ಪಕ್ಕದ ಹನುಮಪ್ಪನ ಗುಡಿಯಲ್ಲಿ ರಾತ್ರಿಯಿಡೀ ಉಳಿಯುತ್ತಿದ್ದ ದೀಪದೆಣ್ಣೆ ಮತ್ತು ಒಡೆದ ಕಾಯಿ, ಇವೆಲ್ಲ ನಾವೇ ಹಚ್ಚಿಟ್ಟ ಪಾಕವಾಗಿದ್ದವು. ಕಣ್ಣು ಮಂದವಾದರೂ ಮಣ್ಣೊಳಗಿನ ಗೆದ್ದಲನ್ನು ಮೂಗಿನಿಂದಲೇ ಪತ್ತೆಹಚ್ಚುವ ಪ್ರಾಣಿಗೆ ಎಣ್ಣೆಯ ವಾಸನೆ ತಪ್ಪೀತೆ?

ಅಂದಿನಿಂದ ಮುಸುರೆಯನ್ನು ಹೊತ್ತು ಮುಳುಗುವ ಮುನ್ನವೇ ಎಮ್ಮೆಗೆ ಇಡುತ್ತೇವೆ. ಸೀತಾಫಲ ಕಣ್ಣು ಬಿಟ್ಟೊಡನೆ ಅದನ್ನು ಕಿತ್ತು ಒಳಗೆ ಹಣ್ಣಿಗೆ ಹಾಕುತ್ತೇವೆ. ಗುಡಿಯ ವಿಷಯ ಮಾತ್ರ ಸುಲಭವಾಗಲಿಲ್ಲ. "ದೇವ್ರನ್ನ ಕತ್ತಲದಾಗ ಕೂಡಿಸೂದೇನ್ರಿ?" ಎಂದು ಪೂಜಾರಿಯವರು ಮುನಿಸಿಕೊಂಡಿದ್ದರು. ಎರಡು ಬಾರಿ ಗುಡಿಯ ಬಾಗಿಲು ಮುರಿದು ಹಣತೆಗಳು ಚೂರಾದ ಮೇಲೆ, ಸಂಜೆ ದೀಪ ಬೆಳಗಿ, ಬಾಗಿಲು ಹಾಕುವಾಗ ಎಣ್ಣೆ, ಕಾಯಿಗಳನ್ನು ಮನೆಗೆ ಒಯ್ಯಲು ಒಪ್ಪಿದರು.

ನನ್ನ ದೊಡ್ಡ ತಪ್ಪು ನಾಯಿಯದು. ಒಂದು ಬೇಸಿಗೆಯ ನಸುಕಿನಲ್ಲಿ, ಧೈರ್ಯಕ್ಕಿರಲಿ ಎಂದು ಅದನ್ನು ಬಿಟ್ಟುಕೊಂಡು ಮೋಟಾರು ಹಾಕಲು ಹೊರಟಿದ್ದೆ. ಬಳ್ಳಾರಿ ಜಾಲಿಯ ಪೊದೆಗೆ ನುಗ್ಗಿ ಬೊಗಳಿದ ನಾಯಿ, ಮರುಕ್ಷಣವೇ ಬಾಲ ಮುದುರಿ ನನ್ನತ್ತ ಓಡಿಬಂತು. ಅದರ ಹಿಂದೆಯೇ, ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಕರಡಿ. ಪಂಪಿನ ಮನೆಯೊಳಗೆ ಬಿದ್ದು ಬಾಗಿಲು ಎಳೆದುಕೊಂಡೆ. ಮೊಣಕೈಯ ಚರ್ಮ ಕಿತ್ತುಹೋಯಿತು, ಅಷ್ಟೇ. ನಾಯಿ ಕರಡಿಯನ್ನು ಓಡಿಸುವುದಿಲ್ಲ, ಕೆಣಕಿ ಯಜಮಾನನ ಬಳಿಗೆ ಕರೆತರುತ್ತದೆ ಎಂದು ದನಗಾಹಿಗಳು ಮೊದಲೇ ಹೇಳಿದ್ದರು.

ಈಗ ಕತ್ತಲಲ್ಲಿ ನಾಯಿಯನ್ನು ಕಟ್ಟಿಹಾಕುತ್ತೇವೆ, ಕಾಲುದಾರಿಯ ಎರಡೂ ಬದಿಯ ಜಾಲಿಯನ್ನು ಇಪ್ಪತ್ತು ಹೆಜ್ಜೆಯಷ್ಟು ಸವರಿದ್ದೇವೆ. ಕರಡಿ ಮೈಮೇಲೆ ಬೀಳುವುದು ಹೆಚ್ಚಾಗಿ ತಟ್ಟನೆ ಎದುರಾದಾಗ; ಆದ್ದರಿಂದ ನಾನು ಬ್ಯಾಟರಿ ಹಿಡಿದು ಗಟ್ಟಿಯಾಗಿ ಹಾಡುತ್ತಾ ನಡೆಯುತ್ತೇನೆ. ಕರಡಿಗಿಂತ ಆ ಹಾಡೇ ಕಷ್ಟವೆಂಬುದು ಮನೆಯವಳ ದೂರು. ಹೊಲದಾಚೆಯ ಬದುವಿನಲ್ಲಿದ್ದ ಹುತ್ತವನ್ನು ಕೆಡವದೆ ಬಿಟ್ಟಿದ್ದೇವೆ. ಕೆಲವು ಬೆಳಿಗ್ಗೆ ಅದು ಹೊಸದಾಗಿ ಕೆದರಿರುತ್ತದೆ, ಹಿತ್ತಲ ಮಣ್ಣಿನಲ್ಲಿ ಹೆಜ್ಜೆ ಇರುವುದಿಲ್ಲ.