ಮಕ್ಕಳೊಂದಿಗೆ ವಿಯೆನ್ನಾದಲ್ಲಿ ಆರು ದಿನ: ಯೋಜನೆ ಹಾಕುವುದು ಹೇಗೆ?

ಯುರೋಪ್ ಪ್ರವಾಸವೆಂದರೆ ಹತ್ತು ದಿನಗಳಲ್ಲಿ ಆರೇಳು ದೇಶಗಳನ್ನು ಮುಟ್ಟಿ ಬರುವ ಬಸ್ ಯಾತ್ರೆ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ದೊಡ್ಡವರನ್ನೇ ಹೈರಾಣಾಗಿಸುವ ಇಂತಹ ಓಡಾಟದಲ್ಲಿ ಐದು ಅಥವಾ ಎಂಟು ವರ್ಷದ ಮಗುವಿನ ನೆನಪಿನಲ್ಲಿ ಉಳಿಯುವುದು ಬಸ್ಸಿನ ಕಿಟಕಿ ಮತ್ತು ನಸುಕಿನಲ್ಲಿ ಎಬ್ಬಿಸಿದ ಸಿಟ್ಟು, ಇವೆರಡೇ. ಮಕ್ಕಳಿರುವ ಕುಟುಂಬ ಒಂದೇ ನಗರವನ್ನು ಆರಿಸಿಕೊಂಡು, ಒಂದೇ ಮನೆಯಲ್ಲಿ ಆರು ದಿನ ಉಳಿದು, ಮಗುವಿನ ನಿದ್ದೆ, ಹಸಿವು ಮತ್ತು ಕಾಲಿನ ಶಕ್ತಿಗೆ ತಕ್ಕಂತೆ ದಿನಚರಿ ಹಾಕಿಕೊಳ್ಳುವುದು ಹೇಗೆ ಎಂಬುದನ್ನು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ. ಪ್ಯಾರಿಸ್, ರೋಮ್ ನಗರಗಳ ಹೆಸರು ಇದಕ್ಕಿಂತ ದೊಡ್ಡದಿರಬಹುದು. ಆದರೆ ವಿಯೆನ್ನಾದ ಮೆಟ್ರೊ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ, ಸರ್ಕಾರಿ ಒಡೆತನದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ 19 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಮತ್ತು ಆಲ್ಪ್ಸ್ ಪರ್ವತದ ಬುಗ್ಗೆಗಳಿಂದ 1873ರಿಂದಲೂ ಕೊಳವೆಯಲ್ಲಿ ಹರಿದು ಬರುತ್ತಿರುವ ನೀರನ್ನು ನಲ್ಲಿಯಿಂದ ನೇರವಾಗಿ ಕುಡಿಯಬಹುದು. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರಿಗೆ ಈ ಮೂರರ ಮುಂದೆ ಐಫೆಲ್ ಗೋಪುರದ ಆಕರ್ಷಣೆ ಕಡಿಮೆಯೇ ಎನ್ನಬೇಕು.

ಮೊದಲ ಹೆಜ್ಜೆ: ಪಾಸ್‌ಪೋರ್ಟ್ ಮತ್ತು ವೀಸಾ

ವಿಮಾನದ ದರ ನೋಡುವ ಮೊದಲು ಮಕ್ಕಳ ಪಾಸ್‌ಪೋರ್ಟ್ ತೆರೆದು ನೋಡಬೇಕು. ದೊಡ್ಡವರ ಪಾಸ್‌ಪೋರ್ಟ್‌ಗೆ ಹತ್ತು ವರ್ಷದ ಅವಧಿಯಿದ್ದರೆ ಮಕ್ಕಳದ್ದಕ್ಕೆ ಸಾಮಾನ್ಯವಾಗಿ ಐದೇ ವರ್ಷ, ಹಾಗಾಗಿ ಅದು ಮುಗಿದಿರುವುದು ಬಹಳ ಸಲ ಕೊನೆಯ ಗಳಿಗೆಯಲ್ಲಿ ಗಮನಕ್ಕೆ ಬರುತ್ತದೆ. ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಸಿಗಲು, ಪ್ರವಾಸ ಮುಗಿಸಿ ಹೊರಡುವ ದಿನದಿಂದ ಮುಂದೆ ಪಾಸ್‌ಪೋರ್ಟ್‌ಗೆ ಕನಿಷ್ಠ ಮೂರು ತಿಂಗಳ ಅವಧಿ ಇರಬೇಕು ಮತ್ತು ಎರಡು ಖಾಲಿ ಪುಟಗಳಿರಬೇಕು.

ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು. ನಿಯಮದ ಪ್ರಕಾರ 15 ದಿನ ಮೊದಲು ಕೊಟ್ಟರೂ ಸಾಕು. ಆದರೆ ಪರಿಶೀಲನೆ 45 ದಿನಗಳವರೆಗೂ ಹಿಡಿಯಬಹುದಾದ್ದರಿಂದ ಏಪ್ರಿಲ್-ಮೇ ರಜೆಗೆ ಹೋಗುವವರು ಸಂಕ್ರಾಂತಿಯ ಹೊತ್ತಿಗೆ ಕಾಗದಪತ್ರ ಕೂಡಿಸಲು ತೊಡಗುವುದು ಕ್ಷೇಮ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೊ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಪ್ರತಿಯೊಬ್ಬರಿಗೂ ಕಡ್ಡಾಯ. 12 ವರ್ಷದೊಳಗಿನವರ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಮಗು ತಂದೆ-ತಾಯಿಯರಲ್ಲಿ ಒಬ್ಬರೊಂದಿಗೆ ಮಾತ್ರ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನೂ ಜನನ ಪ್ರಮಾಣಪತ್ರವನ್ನೂ ಜೊತೆಗಿಡಬೇಕು.

ಎರಡನೆಯ ಹೆಜ್ಜೆ: ವಿಮಾನ ಮತ್ತು ಮಗುವಿನ ಗಡಿಯಾರ

ಬೆಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುತ್ತಾರೆ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಗಡಿ ತಪಾಸಣೆ ಅಲ್ಲಿಯೇ ಆಗುತ್ತದೆ. 2025ರ ಅಕ್ಟೋಬರ್‌ನಿಂದ ಪಾಸ್‌ಪೋರ್ಟ್ ಮುದ್ರೆಯ ಬದಲಿಗೆ ಮುಖದ ಚಿತ್ರ ಮತ್ತು ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಜಾರಿಗೆ ಬಂದಿರುವುದರಿಂದ ಮುಂದಿನ ವಿಮಾನಕ್ಕೆ ಎರಡೂವರೆ ಗಂಟೆಗಿಂತ ಕಡಿಮೆ ಅಂತರವಿರುವ ಟಿಕೆಟ್ಟನ್ನು, ಎಷ್ಟೇ ಅಗ್ಗವಾಗಿದ್ದರೂ, ಮಕ್ಕಳಿರುವವರು ಕೊಳ್ಳಬಾರದು.

ಬೇಸಿಗೆಯಲ್ಲಿ ವಿಯೆನ್ನಾ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಇಡೀ ಯೋಜನೆಯ ಕೀಲಿಕೈ ಇದೇ ಲೆಕ್ಕದಲ್ಲಿದೆ. ಊರಿನಲ್ಲಿ ಬೆಳಿಗ್ಗೆ ಏಳಕ್ಕೆ ಏಳುವ ಮಗು ಅಲ್ಲಿ ಮೊದಲ ದಿನ ಮೂರೂವರೆಗೇ ಕಣ್ಣು ಬಿಟ್ಟು ತಿಂಡಿ ಕೇಳುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗುವ ಮಗು ಸಂಜೆ ಐದೂವರೆಗೆ ತೂಕಡಿಸುತ್ತದೆ. ಮೇ ತಿಂಗಳ ಕೊನೆಯಲ್ಲಿ ಸೂರ್ಯ ಮುಳುಗುವುದು ಎಂಟೂವರೆಯ ನಂತರವಾದ್ದರಿಂದ, ಬೆಳಕಿದೆಯಲ್ಲ ಎಂದು ತಿರುಗಾಡಿಸಲು ಹೊರಟವರಿಗೆ ಬೀದಿಯ ನಡುವೆ ಅಳುವ ಮಗುವನ್ನು ಹೊತ್ತು ಬರುವ ಪ್ರಸಂಗ ಬರುತ್ತದೆ. ಆದ್ದರಿಂದ ಮೊದಲ ಎರಡು ದಿನ ಮುಖ್ಯವಾದುದನ್ನೆಲ್ಲ ಬೆಳಗಿನಲ್ಲಿ ಮುಗಿಸಿ, ಸಂಜೆ ಆರಕ್ಕೆ ಊಟ, ಏಳಕ್ಕೆ ನಿದ್ದೆ ಎಂದು ಬರೆದಿಟ್ಟುಕೊಳ್ಳಬೇಕು. ದಿನಕ್ಕೆ ಸುಮಾರು ಒಂದು ಗಂಟೆಯಂತೆ ಮಗುವಿನ ದೇಹ ಅಲ್ಲಿನ ಹೊತ್ತಿಗೆ ತಾನಾಗಿ ಹೊಂದಿಕೊಳ್ಳುತ್ತದೆ.

ಮೂರನೆಯ ಹೆಜ್ಜೆ: ಅಡುಗೆಮನೆ ಇರುವ ಬಿಡಾರ

ಲಾಂಡ್‌ಸ್ಟ್ರಾಸ್ ಎಂಬ ಮೂರನೆಯ ವಾರ್ಡಿನಲ್ಲಿ, ವೀನ್ ಮಿಟ್ಟೆ ನಿಲ್ದಾಣದ ಸುತ್ತಮುತ್ತ ಮನೆ ಹುಡುಕುವುದು ಅನುಕೂಲ. ವಿಮಾನ ನಿಲ್ದಾಣದ ರೈಲು ಅಲ್ಲಿಗೇ ಬರುತ್ತದೆ. ಸಿಎಟಿ ಎಂಬ ವೇಗದ ರೈಲು 16 ನಿಮಿಷ ತೆಗೆದುಕೊಂಡರೆ, ಎಸ್7 ಎಂಬ ಸಾಮಾನ್ಯ ರೈಲು ಅದಕ್ಕಿಂತ ಹತ್ತು ನಿಮಿಷವಷ್ಟೇ ಹೆಚ್ಚು ತೆಗೆದುಕೊಂಡು ಕಡಿಮೆ ಹಣಕ್ಕೆ ತಲುಪಿಸುತ್ತದೆ. ಅಲ್ಲಿಂದ ಯು4 ಮೆಟ್ರೊ ನೇರವಾಗಿ ಷೋನ್‌ಬ್ರುನ್ ಅರಮನೆಗೆ ಹೋಗುತ್ತದೆ. ಮಕ್ಕಳು ಆಡುವ ಜಾಗವಿರುವ ಷ್ಟಾಟ್‌ಪಾರ್ಕ್ ಉದ್ಯಾನ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ಕಾಯ್ದಿರಿಸುವ ಮುನ್ನ ಲಿಫ್ಟ್ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಹಳೆಯ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೆ ‘ಮೆಟ್ಸಾನಿನ್’ ಎಂಬ ಲೆಕ್ಕಕ್ಕಿಲ್ಲದ ಮಹಡಿ ಇರುವುದುಂಟು. ಜಾಹೀರಾತಿನಲ್ಲಿ ಎರಡನೆಯದೆಂದು ಬರೆದದ್ದು ನಿಜದಲ್ಲಿ ಮೂರು ಮಹಡಿ ಹತ್ತಿಸುತ್ತದೆ, ಅದೂ ಸೂಟ್‌ಕೇಸ್ ಮತ್ತು ನಿದ್ದೆಯ ಮಗುವಿನ ಸಮೇತ. ಜೂನ್ ನಂತರ ಹೋಗುವವರು ಎ.ಸಿ.ಯ ಬಗ್ಗೆಯೂ ವಿಚಾರಿಸಬೇಕು.

ನಾಲ್ಕನೆಯ ಹೆಜ್ಜೆ: ದಿನಕ್ಕೊಂದೇ ದೊಡ್ಡ ಜಾಗ

ಈಗ ಆರು ದಿನಗಳ ಕಾಗದವನ್ನು ಮುಂದಿಟ್ಟುಕೊಂಡು, ಮೊದಲಿಗೆ ಬಾಗಿಲು ಮುಚ್ಚುವ ದಿನಗಳನ್ನು ಗುರುತಿಸಬೇಕು. ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ಅದರ ಎದುರಿಗೇ ಇರುವ ಕಲಾ ಇತಿಹಾಸ ಸಂಗ್ರಹಾಲಯಕ್ಕೆ ಬೇಸಿಗೆಯ ತಿಂಗಳುಗಳನ್ನು ಬಿಟ್ಟರೆ ಸೋಮವಾರ ರಜೆ. ಭಾನುವಾರ ಊರಿನ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರವೂ ಸಂಜೆ ಆರರ ಹೊತ್ತಿಗೆ ಬಾಗಿಲು ಹಾಕುತ್ತವೆ. ಭಾನುವಾರ ಹಾಲು, ಬ್ರೆಡ್ ಬೇಕೆಂದರೆ ಪ್ರಾಟರ್‌ಸ್ಟರ್ನ್‌ನಂತಹ ದೊಡ್ಡ ರೈಲು ನಿಲ್ದಾಣದ ಸೂಪರ್ ಮಾರ್ಕೆಟ್ಟಿಗೇ ಹೋಗಬೇಕು. ಮೇ 1ರಂತಹ ಸಾರ್ವಜನಿಕ ರಜೆಗಳಲ್ಲಿಯೂ ಇದೇ ಕಥೆ.

ಬಂದಿಳಿದ ದಿನ ಉದ್ಯಾನದಲ್ಲಿ ಜಾರುಬಂಡೆ, ಉಯ್ಯಾಲೆ ಮಾತ್ರ ಇರಲಿ. ಎರಡನೆಯ ದಿನ, ಮಕ್ಕಳು ಹೇಗಿದ್ದರೂ ನಸುಕಿಗೇ ಎದ್ದಿರುವುದರಿಂದ, ಒಂಬತ್ತಕ್ಕೆ ತೆರೆಯುವ ಷೋನ್‌ಬ್ರುನ್ ಮೃಗಾಲಯದ ಬಾಗಿಲಲ್ಲಿ ಮೊದಲಿಗರಾಗಿ ನಿಲ್ಲಬಹುದು. 1752ರಲ್ಲಿ ಆರಂಭವಾದ ಇದು ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿನಲ್ಲೇ ಹಳೆಯದು. ಮೆಟ್ರೊದಲ್ಲಿ ಅರಮನೆಯ ನಿಲ್ದಾಣದಲ್ಲಿ ಇಳಿಯದೆ ಮುಂದಿನ ಹೀಟ್ಸಿಂಗ್‌ನಲ್ಲಿ ಇಳಿದರೆ ನಡಿಗೆ ಕಡಿಮೆಯಾಗುತ್ತದೆ. ಒಳಗೆ ಏರು ಹಾದಿಯಿದೆ, ಆದ್ದರಿಂದ ‘ನಮ್ಮ ಮಗ ದೊಡ್ಡವನಾದ’ ಎಂದು ಬಿಟ್ಟುಹೋಗುವ ಮಡಚುವ ಸ್ಟ್ರಾಲರ್ ನಾಲ್ಕು-ಐದು ವರ್ಷದವರಿಗೂ ಇಲ್ಲಿ ಬೇಕಾಗುತ್ತದೆ.

ಅದೇ ದಿನ ಅರಮನೆಯನ್ನೂ ಸೇರಿಸುವ ಆಸೆ ಸಹಜ, ಆದರೆ ಬೇಡ. 1,441 ಕೋಣೆಗಳ ಆ ಅರಮನೆಗೆ ಇನ್ನೊಂದು ಬೆಳಗನ್ನು ಮೀಸಲಿಟ್ಟು, ಸಮಯ ನಮೂದಿಸಿದ ಟಿಕೆಟ್ಟನ್ನು ಮುಂಚಿತವಾಗಿ ಕೊಳ್ಳಬೇಕು. ಹೋಗುವ ಹಿಂದಿನ ರಾತ್ರಿ ಮಕ್ಕಳಿಗೆ ಒಂದು ಕಥೆ ಹೇಳಿ: ಮುಂದೆ ಹೆಸರಾಂತ ಸಂಗೀತ ಸಂಯೋಜಕನಾದ ಮೊಟ್ಸಾರ್ಟ್ 1762ರಲ್ಲಿ, ಆರು ವರ್ಷದವನಿದ್ದಾಗ, ಇಲ್ಲಿ ರಾಣಿ ಮರಿಯಾ ತೆರೇಸಾ ಮುಂದೆ ವಾದ್ಯ ನುಡಿಸಿದ, ಬಳಿಕ ಅವಳ ಮಡಿಲಿಗೆ ಜಿಗಿದು ಮುತ್ತಿಟ್ಟ ಎಂದು ಅವನ ತಂದೆ ಪತ್ರದಲ್ಲಿ ಬರೆದಿದ್ದಾನೆ. ಆ ರಾಣಿಗೆ ಹದಿನಾರು ಮಕ್ಕಳು. ಇಷ್ಟು ತಿಳಿದ ಮಗು ಕನ್ನಡಿಗಳ ಕೋಣೆಯಲ್ಲಿ ಕಾಲೆಳೆಯದೆ ನಿಲ್ಲುತ್ತದೆ. ಅಲ್ಲಿಯೇ ಇರುವ ಮಕ್ಕಳ ಸಂಗ್ರಹಾಲಯದಲ್ಲಿ ರಾಜಕುಮಾರ, ರಾಜಕುಮಾರಿಯರ ಉಡುಪು ತೊಟ್ಟು ನೋಡಲು ಅವಕಾಶವಿದೆ.

ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಡೈನೋಸಾರ್ ಸಭಾಂಗಣ, ಉಲ್ಕಾಶಿಲೆಗಳು ಮತ್ತು 1908ರಲ್ಲಿ ಸಿಕ್ಕ, ಅಂಗೈಯಷ್ಟೇ ಉದ್ದದ, ಶಿಲಾಯುಗದ ವಿಲೆನ್‌ಡಾರ್ಫ್ ಸ್ತ್ರೀ ಶಿಲಾಮೂರ್ತಿಯನ್ನು ನೋಡಿ ಎರಡು ಗಂಟೆಯಲ್ಲಿ ಹೊರಬರುವುದು ಜಾಣತನ. ಎದುರಿನ ಕಲಾ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವುದೇ ಎಂದು ಹಲವರು ಹಿಂಜರಿಯುತ್ತಾರೆ. ನನ್ನ ಮಟ್ಟಿಗೆ ಇಡೀ ನಗರದಲ್ಲಿ ಮಕ್ಕಳಿಗೆ ತೋರಿಸಲೇಬೇಕಾದ ಒಂದು ವಸ್ತು ಅಲ್ಲಿಯೇ ಇದೆ. ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ, ಮಕ್ಕಳ ಆಟಗಳನ್ನು ಕುರಿತ ವರ್ಣಚಿತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಎಂಬತ್ತಕ್ಕೂ ಹೆಚ್ಚು ಆಟಗಳಲ್ಲಿ ಮುಳುಗಿದ್ದಾರೆ. ಬುಗುರಿ, ಕಣ್ಣಾಮುಚ್ಚಾಲೆ, ಮರಗಾಲು, ಕೋಲಿನಿಂದ ಚಕ್ರ ಓಡಿಸುವುದು, ಬಗ್ಗಿದವರ ಬೆನ್ನ ಮೇಲಿಂದ ಹಾರುವುದು, ನಮ್ಮ ಐದು ಕಲ್ಲಾಟವನ್ನು ಹೋಲುವ ಮೂಳೆಗಳ ಆಟ, ಎಲ್ಲವೂ ಅದರಲ್ಲಿವೆ. ಅಜ್ಜಿಯ ಕಾಲದಲ್ಲಿ ಊರಿನಲ್ಲಿ ಆಡುತ್ತಿದ್ದ ಆಟಗಳ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು, ಚಿತ್ರದಲ್ಲಿ ಎಷ್ಟು ಸಿಗುತ್ತವೆ ಹುಡುಕಿ ಎಂದರೆ ಅರ್ಧ ಗಂಟೆ ಅಲ್ಲಿಂದ ಕದಲುವುದಿಲ್ಲ. ಉಳಿದ ಕೋಣೆಗಳನ್ನು ತಂದೆ-ತಾಯಿ ಸರದಿಯಲ್ಲಿ ನೋಡಿ ಬರಬಹುದು.

ಪ್ರಾಟರ್ ಮನರಂಜನಾ ಉದ್ಯಾನವನ್ನು ಮೂರನೆಯ ದಿನದ ನಂತರದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಒಳಗೆ ಹೋಗಲು ಹಣವಿಲ್ಲ, ಒಂದೊಂದು ಆಟಕ್ಕೂ ಬೇರೆ ಬೇರೆ ಹಣ ಕೊಡಬೇಕಾದ್ದರಿಂದ, ತಲೆಗೆ ಮೂರು ಆಟ ಎಂದು ಬಾಗಿಲಲ್ಲಿಯೇ ಒಪ್ಪಂದವಾಗಲಿ. 1897ರ ದೈತ್ಯ ಚಕ್ರ ಸುಮಾರು 65 ಮೀಟರ್ ಎತ್ತರವಿದ್ದು, ತೊಟ್ಟಿಲುಗಳ ಬದಲು ರೈಲು ಡಬ್ಬಿಯಂತಹ ಮುಚ್ಚಿದ ಪೆಟ್ಟಿಗೆಗಳಲ್ಲಿ ನಿಧಾನವಾಗಿ ಮೇಲೇರುತ್ತದೆ. ಎತ್ತರಕ್ಕೆ ಹೆದರುವವರೂ ಕೂರಬಹುದು. ಮಳೆ ಬಂದ ದಿನಕ್ಕೆ ಎರಡನೆಯ ಮಹಾಯುದ್ಧದ ವಿಮಾನ ನಿರೋಧಕ ಗೋಪುರದೊಳಗೆ ಕಟ್ಟಿರುವ ಮತ್ಸ್ಯಾಲಯ ಇದೆ.

ಸಂಗೀತದ ಊರಿಗೆ ಹೋಗಿ ಸಂಗೀತ ಕೇಳದೆ ಬರುವುದೆಂತು ಎನ್ನುವವರು ರಾತ್ರಿಯ ಕಛೇರಿಗೆ ದುಬಾರಿ ಟಿಕೆಟ್ ಕೊಂಡು ಮಕ್ಕಳನ್ನು ಅಲ್ಲಿ ಮಲಗಿಸುವುದಕ್ಕಿಂತ, ‘ಹೌಸ್ ಡೆರ್ ಮುಸಿಕ್’ ಎಂಬ ಸಂಗೀತ ಸಂಗ್ರಹಾಲಯಕ್ಕೆ ಹಗಲಿನಲ್ಲಿ ಹೋಗುವುದು ಮೇಲು. ಅಲ್ಲಿ ಮಗು ಕೈಯಲ್ಲಿ ಕೋಲು ಹಿಡಿದು ಪರದೆಯ ಮೇಲಿನ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ನಡೆಸಬಹುದು. ತಾಳ ತಪ್ಪಿದರೆ ವಾದಕರು ನುಡಿಸುವುದನ್ನು ನಿಲ್ಲಿಸಿ ತಕರಾರು ತೆಗೆಯುತ್ತಾರೆ.

ಸಾಲ್ಜ್‌ಬರ್ಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆ, ಪಕ್ಕದ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಒಂದೇ ಗಂಟೆ ಎಂಬ ಲೆಕ್ಕ ಯಾರಾದರೂ ಹೇಳಿಯೇ ಹೇಳುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ಯೋಚಿಸಬಹುದು.

ಐದನೆಯ ಹೆಜ್ಜೆ: ಊಟ ಮತ್ತು ಚೀಲ

ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಜೊತೆಗಿದ್ದರೆ ಅನ್ನ, ಮೊಸರು ಅಲ್ಲಿಯೇ ಹೊಂದುತ್ತವೆ. ಆದರೆ ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಒಳಗೆ ತರುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಬಿಡಬೇಕು. ಹಸುಗೂಸಿನ ಹಾಲಿನ ಪುಡಿಗೆ, ಕಂಪನಿಯ ಮುಚ್ಚಿದ ಡಬ್ಬಿಯಲ್ಲಿದ್ದರೆ, ಎರಡು ಕಿಲೊವರೆಗೆ ವಿನಾಯಿತಿ ಇದೆ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಮಾವಿನಹಣ್ಣು, ಹಸಿ ಕರಿಬೇವು ಒಯ್ಯುವಂತಿಲ್ಲ. ಬಾಳೆಹಣ್ಣು, ತೆಂಗಿನಕಾಯಿಗೆ ಆ ಅಡ್ಡಿಯಿಲ್ಲ.

ಹೋಟೆಲಿನಲ್ಲಿ ಸಸ್ಯಾಹಾರ ಎಂದು ಹೇಳಿದರೆ ಮೊಟ್ಟೆ ಸೇರಿರುವುದು ಖಚಿತವೆಂದೇ ತಿಳಿಯಬೇಕು. ಮಕ್ಕಳು ಮೆಚ್ಚುವ ಕೈಸರ್‌ಷ್ಮಾರ್ನ್ ಎಂಬ ಸಿಹಿ ದೋಸೆಯ ಚೂರುಗಳ ತಿನಿಸಿನಲ್ಲಿಯೂ ಮೊಟ್ಟೆಯಿದೆ. ತಿಳಿ ಸೂಪಿನ ಬುಡದಲ್ಲಿ ದನದ ಮಾಂಸದ ಸಾರು ಇರುವುದು ಸಾಮಾನ್ಯ. ‘ಓನೆ ಫ್ಲೈಶ್’ (ಮಾಂಸವಿಲ್ಲದೆ), ‘ಓನೆ ಆಯ್’ (ಮೊಟ್ಟೆಯಿಲ್ಲದೆ) ಎಂಬೆರಡು ಮಾತುಗಳನ್ನು ಮಕ್ಕಳಿಗೂ ಕಲಿಸಿದರೆ ಬಡಿಸುವವರ ಮುಖವೂ ಅರಳುತ್ತದೆ.

ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇಡಬೇಕು. ತುರ್ತು ಸಂಖ್ಯೆ 112, ಆಂಬುಲೆನ್ಸ್‌ಗೆ 144. ಟ್ರಾಮ್, ಮೆಟ್ರೊಗಳಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಮೆಟ್ರೊದಲ್ಲಿ ತಡೆಗೇಟು ಇಲ್ಲದಿರುವುದರಿಂದ ಕಾಗದದ ಟಿಕೆಟ್ಟಿಗೆ ಮುದ್ರೆ ಒತ್ತಿಸುವುದನ್ನು ಮರೆಯುವುದು ಸುಲಭ, ತಪಾಸಕರು ಸಿಕ್ಕರೆ ದಂಡ ಮಾತ್ರ ತಪ್ಪುವುದಿಲ್ಲ.

ಆರನೆಯ ದಿನದ ಎದುರು ಏನನ್ನೂ ಬರೆಯಬೇಡಿ. ಎಲ್ಲಿಗೆ ಮತ್ತೊಮ್ಮೆ ಹೋಗಬೇಕು ಎಂದು ಹಿಂದಿನ ರಾತ್ರಿ ಮಕ್ಕಳನ್ನು ಕೇಳಿ, ಅವರು ಹೇಳಿದಲ್ಲಿಗೇ ಹೋಗಿ. ಮೊದಲ ದಿನದ ಜಾರುಬಂಡೆ ಎಂದರೂ ಸರಿ, ವಿಮಾನ ಹತ್ತುವ ಮುನ್ನ ಅವರು ಚೆನ್ನಾಗಿ ದಣಿದಿರುವುದು ನಿಮಗೂ ಅಕ್ಕಪಕ್ಕದ ಸೀಟಿನವರಿಗೂ ಒಳ್ಳೆಯದು.